ಮೈನಸ್ ಬಂದರೆ ಮೈನಸ್ಸೇ

ಅರ್ಥಶಾಸ್ತ್ರದ ಸಂಶೋಧನೆ ಮಾಡುವವರಿಗೆ ಬೇರೆ ಶತ್ರುಗಳು ಬೇಕಿಲ್ಲ, ಅಂಕಿಅಂಶಗಳೇ ಸಾಕು. ಹೊರದೇಶದ ಬಂಡವಾಳ ಹರಿದು ಬಂದರೆ ದೇಶ ಬೆಳೆಯುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ನೋಡುವುದು ವಿಕ್ರೋಳಿಯ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಬಂದ ಉತ್ತರವನ್ನು ಬಂದ ಹಾಗೇ ಹೇಳುವ ದುರಭ್ಯಾಸವೂ ಇದೆ. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳು ನನಗೆ ಆಗುತ್ತಲೇ ಇರುತ್ತವೆ. ಕೆಲಸ ಇನ್ನೂ ಉಳಿದಿದೆ ಎನ್ನುವುದೇ ಆಶ್ಚರ್ಯ.

ಹರಿವು

ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮನೆಯವರು ಉಡುಪಿ ಕಡೆಯವರು, ಹೋಟೆಲ್ ಇಟ್ಟವರು. "ಮಗಳು ಎಂತ ಮಾಡುವುದು?" ಎಂದು ಅವರು ಕೇಳಿದ್ದಕ್ಕೆ ಅಮ್ಮ, "ಹರಿವು ನೋಡುವ ಕೆಲಸ. ಎಲ್ಲಿಂದ ಬರ್ತದೆ, ಎಲ್ಲಿ ಸೋರಿ ಹೋಗ್ತದೆ ಅಂತ" ಎಂದಳು.

ಆದಿತ್ಯವಾರ ಬೆಳಿಗ್ಗೆ ಅವರು ಬಾಗಿಲಿಗೆ ಬಂದರು. "ಒಮ್ಮೆ ಬಾ ಮಗಾ. ನಮ್ಮ ಬಚ್ಚಲ ಗೋಡೆ ಪೂರಾ ಒದ್ದೆ."

"ಮಾಮ, ನಾನು ನೋಡುವುದು ಬಂಡವಾಳದ ಹರಿವು."

"ಮತ್ತೆ? ಆ ಗೋಡೆಗೆ ಹಾಕಿದ್ದು ಯಾರ ಬಂಡವಾಳ?"

ಹೋಗಿ ನೋಡಿದೆ. ಸೋರುತ್ತಿದ್ದದ್ದು ನಮ್ಮ ಬಚ್ಚಲೇ.

ಭವಿಷ್ಯ

ನನ್ನನ್ನು ನೋಡಲು ಕುರ್ಲಾದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಂದೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ, "ಯಾವ ಶೇರು ಏರ್ತದೆ, ಹೇಳಿಬಿಡಮ್ಮ" ಎಂದರು. ಗೊತ್ತಿಲ್ಲ ಎಂದೆ. ಡಾಲರ್? ಅದೂ ಗೊತ್ತಿಲ್ಲ.

"ಮುಂದೆ ಎಂತ ಆಗ್ತದೆ ಅಂತ ಗೊತ್ತಿಲ್ಲದಿದ್ರೆ ಅಷ್ಟು ಓದಿದ್ದು ಯಾಕೆ? ಮದುವೆ ಆದ ಮೇಲೆ ಹೇಗೂ ಕೆಲಸ ಬಿಡ್ಬೇಕಲ್ಲ."

"ಮುಂದೆ ಎಂತ ಆಗ್ತದೆ ಅಂತ ಗೊತ್ತಿದ್ದಿದ್ರೆ ನಾನು ಇವತ್ತು ಉಪ್ಪಿಟ್ಟು ಮಾಡ್ತಲೇ ಇರಲಿಲ್ಲ" ಎಂದೆ.

ಅವರು ಚಹಾಕ್ಕೆ ಕಾಯಲಿಲ್ಲ. ಅಮ್ಮ ಬಯ್ಯುತ್ತಾಳೆ ಅಂದುಕೊಂಡೆ. "ಸುಳ್ಳು ಹೇಳ್ಬೇಡ ಮಾರಾಯ್ತಿ," ಎಂದಳು. "ಉಪ್ಪಿಟ್ಟು ಮಾಡಿದ್ದು ನಾನು."

ಉದ್ದ ಗೀಟು

ನಮ್ಮ ನಿರ್ದೇಶಕರು ಧಾರವಾಡದವರು. ಬೇಗ ಬಂದು ಬೇಗ ವಾಪಸ್ ಓಡುವ ವಿದೇಶಿ ಹಣದಿಂದ ಬೆಳವಣಿಗೆ ಹೆಚ್ಚುವ ಬದಲು ತಗ್ಗುತ್ತದೆ ಎಂದು ನನ್ನ ಲೆಕ್ಕ ಹೇಳಿತ್ತು. ಉತ್ತರದ ಮುಂದೆ ಮೈನಸ್.

"ಇದೇನ್ರೀ ಮೇಡಂ? ನಮಗ ರೊಕ್ಕಾ ಕೊಡೋ ಕಂಪನಿ ಮಾಲೀಕರು ವಿದೇಶಿ ಪಾಲುದಾರರನ್ನ ಕಟ್ಟಿಕೊಂಡು ಕುಂತಾರ. ಅವರ ಮುಂದ ಇದನ್ನ ಓದೂದೇನು?"

"ಬೇರೆ ಬೇರೆ ವಿಧಾನದಲ್ಲಿ ನೋಡಿದೆ ಸರ್. ಮೈನಸ್ಸೇ ಬರುತ್ತದೆ."

"ಮೈನಸ್ ಅಂದ್ರ ಏನ್ರೀ? ಒಂದು ಅಡ್ಡ ಗೀಟು. ನಡುವ ಒಂದು ಉದ್ದ ಗೀಟು ಎಳದ್ರ ಪ್ಲಸ್ ಆತು. ನಿಮ್ಮ ಕಾಂಟ್ರಾಕ್ಟ್ ಇದೇ ತಿಂಗಳು ಮುಗೀತೈತಿ, ನೆನಪೈತಿಲ್ಲೋ?"

ನನ್ನ ಪೆನ್ನನ್ನು ಅವರ ಮುಂದಿಟ್ಟೆ. "ಉದ್ದ ಗೀಟು ನೀವೇ ಎಳೆಯಿರಿ ಸರ್. ಕೆಳಗೆ ನಿಮ್ಮ ಸಹಿಯನ್ನೂ ಹಾಕಿ."

ಅವರು ಪೆನ್ನು ಎತ್ತಿಕೊಂಡರು. ವರದಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಪೆನ್ನನ್ನು ತಮ್ಮ ಜೇಬಿಗೆ ಸಿಕ್ಕಿಸಿಕೊಂಡು ಊಟಕ್ಕೆ ಹೋದರು.

ಮಾಲೀಕರ ಮುಂದೆ

ವರದಿ ಓದುವ ದಿನ ಬಂತು. ಮಾಲೀಕರಿಗೆ ಕನ್ನಡ ಬಾರದು, ಅಲ್ಲಿ ಮಾತೆಲ್ಲ ಹಿಂದಿಯಲ್ಲೇ. ಕೆಲಸ ಹೋದಂತೆಯೇ ಎಂದುಕೊಂಡು ಎದ್ದು ನಿಂತೆ. ಮೈನಸ್ಸನ್ನು ಮೈನಸ್ ಎಂದೇ ಓದಿದೆ. ನಿರ್ದೇಶಕರು ಕಣ್ಣು ಮುಚ್ಚಿಕೊಂಡರು.

ಮಾಲೀಕರು ಮೇಜು ತಟ್ಟಿ, "ಶಾಬಾಸ್!" ಎಂದರು. ಅವರ ವಿದೇಶಿ ಪಾಲುದಾರರು ಹಿಂದಿನ ವಾರವಷ್ಟೇ ಕೈಕೊಟ್ಟು ಹೋಗಿದ್ದರಂತೆ. "ಹೊರಗಿನ ದುಡ್ಡೇ ದೇಶಕ್ಕೆ ಬೇಡ! ಇವತ್ತೇ ಪೇಪರಿನವರಿಗೆ ಹೇಳುತ್ತೇನೆ."

ನಿರ್ದೇಶಕರು ಕಣ್ಣು ತೆರೆದರು. "ನಾವೂ ಮೊದಲಿನಿಂದ ಅದನ್ನೇ ಹೇಳುತ್ತ ಬಂದಿದ್ದೇವೆ."

ಅಲ್ಲಿಗೆ ಸುಮ್ಮನೆ ಕೂತಿದ್ದರೆ ನನಗೂ ಒಂದು ಹಾರ ಬೀಳುತ್ತಿತ್ತೋ ಏನೋ. ಕೂರಲಾಗಲಿಲ್ಲ.

"ಕ್ಷಮಿಸಿ, ವರದಿ ಹಾಗೆ ಹೇಳುವುದಿಲ್ಲ. ಇಲ್ಲಿ ಕಾರ್ಖಾನೆ ಕಟ್ಟಿ ನೆಲೆ ನಿಲ್ಲುವ ದುಡ್ಡಿನಿಂದ ಒಳ್ಳೆಯದೇ ಆಗಿದೆ. ನೀವು ಪೇಪರಿನವರಿಗೆ ಹಾಗೆ ಹೇಳಿದರೆ ಅದು ಸುಳ್ಳು."

ಮಾಲೀಕರು ಕೆಂಪಾಗಿ ನಿರ್ದೇಶಕರ ಕಡೆ ತಿರುಗಿದರು. "ಈಕೆಯ ಬಾಯಿ ಮುಚ್ಚಿಸುವವರು ನಿಮ್ಮ ಆಫೀಸಿನಲ್ಲಿ ಯಾರೂ ಇಲ್ಲವೇ?"

ನಿರ್ದೇಶಕರು ಬೆವರು ಒರೆಸಿಕೊಂಡು ಒಮ್ಮೆ ನನ್ನನ್ನು ನೋಡಿದರು. ಆಮೇಲೆ ತಮ್ಮ ಧಾರವಾಡದ ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ:

"ನಾವು ಭಾಳ ದಿನದಿಂದ ಪ್ರಯತ್ನ ಮಾಡಾಕತ್ತೇವ್ರಿ ಸಾಹೇಬ್ರ. ಇನ್ನ ನೀವೂ ಒಂದೀಟು ಮಾಡಿ ನೋಡ್ರಿ."