ಗಾಜಿನ ಅಂಗಡಿಗೆ ಒಂದೂವರೆ ಗಂಟೆ

ಶಿರಾ
೧೨ ಸೆಪ್ಟೆಂಬರ್ ೧೯೫೫

ಮುಂಬಯಿಯ ಸುಖಯಾನ ಪ್ರವಾಸ ಕಂಪನಿಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಶಿರಾದ ನಿವೃತ್ತ ಭೂಗೋಳದ ಮೇಷ್ಟ್ರು ಹಿದಾಯತುಲ್ಲಾ ಮಾಡುವ ಸಲಾಮುಗಳು, ನಮಸ್ಕಾರಗಳು, ಮತ್ತು ಇನ್ನೂ ಏನಾದರೂ ಬಾಕಿಯಿದ್ದರೆ ಅವೂ ಕೂಡ.

ಮಾನ್ಯರೇ,

ಯೂರೋಪಿಗೆ ಹೊರಡುವ ವಯಸ್ಸಾದವರು ಕಂಪನಿಯ ಜೊತೆ ಹೋಗುವುದು ಮೇಲೋ, ತಮ್ಮಷ್ಟಕ್ಕೆ ತಾವೇ ಹೋಗುವುದು ಮೇಲೋ ಎಂಬ ಬಗ್ಗೆ ನಾಲ್ಕು ಮಾತು ಬರೆದುಕೊಟ್ಟರೆ ಮುಂದಿನ ವರ್ಷದ ಪುಸ್ತಿಕೆಯಲ್ಲಿ ಅಚ್ಚು ಹಾಕಿಸುವುದಾಗಿ ತಾವು ಕೃಪೆಯಿಟ್ಟು ಕೇಳಿದ್ದೀರಿ. ನಾಲ್ಕು ಮಾತಿನಲ್ಲಿ ತಮ್ಮ ಉಪಕಾರ ಮುಗಿಯುವಂಥದ್ದಲ್ಲವಾದ್ದರಿಂದ ಈ ಪತ್ರವನ್ನು ಪತ್ರಿಕೆಗೂ ಕಳುಹಿಸಿದ್ದೇನೆ.

ನಾನು ಮೂವತ್ತನಾಲ್ಕು ವರ್ಷ ಮಧುಗಿರಿ, ಶಿರಾ ಶಾಲೆಗಳಲ್ಲಿ ಬೆತ್ತದ ತುದಿಯಿಂದ ಯೂರೋಪನ್ನು ತೋರಿಸಿದವನು. ಆದರೆ ಹೋಗಬೇಕೆಂದು ಹಟ ಹಿಡಿದವಳು ನನ್ನ ಮನೆಯಾಕೆ ರಹಮತ್ ಬಿ. ಆಕೆಯ ತಮ್ಮ ಕಲಂದರ್ ಬೆಂಗಳೂರಿನಲ್ಲಿ ಪಲ್ಟನ್ನು ಸೇರಿ, ಇಟಲಿಗೆ ಸೇತುವೆ ಕಟ್ಟಲು ಹೋಗಿ, ನಲವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಅಲ್ಲೇ ಉಳಿದುಬಿಟ್ಟ. ಫೊರ್ಲಿ ಎಂಬ ಊರಾಚೆಯ ಸಮಾಧಿ, ಇಂಥ ಸಾಲು, ಇಂಥ ನಂಬರು ಎಂದು ದಂಡಿನಿಂದ ಬಂದ ಚೀಟಿಯನ್ನು ಆಕೆ ಹನ್ನೊಂದು ವರ್ಷ ಖುರಾನಿನ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ತವರಿನಿಂದ ಬಂದ ಹುಣಸೆ ತೋಪು ಮಾರಿದ ದಿನವೇ, "ನಾನು ಬಂಗಾರ ಮಾಡ್ಸಲ್ಲ, ಅವನ್ತಾವ ಕರ್ಕಂಡೋಗಿ" ಎಂದಳು.

ಪಾವಗಡದ ಗೆಳೆಯ ಕದರಪ್ಪ ಆಗಲೇ ಎಚ್ಚರಿಸಿದ್ದರು. "ಮೇಷ್ಟ್ರೇ, ಬಸ್ಸಿನೋರ ಕೈಗೆ ಸಿಕ್ಕೊಂಡ್ರೆ ಅವರು ಇಳಿ ಅಂದಾಗ ಇಳೀಬೇಕು, ಅತ್ತು ಅಂದಾಗ ಅತ್ಬೇಕು. ನೀವೇ ಓಗಿ, ಮ್ಯಾಪು ನಿಮ್ಗೆ ಬಾಯಿಪಾಠ ಅಲ್ವಾ?" ತಮ್ಮ ಪುಸ್ತಿಕೆಯಲ್ಲಿ "ವೃದ್ಧರಿಗೆ ಹೆತ್ತ ಮಕ್ಕಳ ಆರೈಕೆ, ಸ್ವಂತ ಕೆಲಸಗಳಿಗೆ ಬಿಡುವು" ಎಂದು ದಪ್ಪಕ್ಷರದಲ್ಲಿ ಓದಿದ್ದ ನಾನು ಅವರನ್ನು ನೋಡಿ ನಕ್ಕೆ. ಫೊರ್ಲಿಯ ವಿಷಯ ಬರೆದು ಕೇಳಿದಾಗ ತಮ್ಮ ಕಚೇರಿಯೂ "ಬಸ್ಸು ಆ ದಾರಿಯಲ್ಲೇ ಹೋಗುತ್ತದೆ" ಎಂದು ಉತ್ತರಿಸಿತು. ಅದು ಸುಳ್ಳೆಂದು ನಾನು ಹೇಳಲಾರೆ. ಬಸ್ಸು ಆ ದಾರಿಯಲ್ಲೇ ಹೋಗುತ್ತದೆ, ನಿಲ್ಲುತ್ತದೆಂದು ತಾವು ಎಲ್ಲಿಯೂ ಬರೆದಿರಲಿಲ್ಲ.

ನೇಪಲ್ಸಿನಲ್ಲಿ ಹಡಗಿಳಿದ ನಮ್ಮನ್ನು ತಮ್ಮ ಮಾರ್ಗದರ್ಶಿ ಮಹಾಶಯರು ಪೀಪಿ ಊದಿ ಸ್ವಾಗತಿಸಿದರು. ಹದಿನೆಂಟು ದಿನಕ್ಕೆ ಏಳು ದೇಶ. ಎರಡು ಸಾವಿರ ವರ್ಷ ತೆಗೆದುಕೊಂಡು ಕಟ್ಟಿದ ರೋಮ್ ನಗರವನ್ನು ಅವರು ಊಟಕ್ಕೆ ಮುಂಚೆ ಮುಗಿಸಿಕೊಟ್ಟರು. ಮಂಡಿನೋವಿನ ರಹಮತ್ ಬಿ ಮೆಟ್ಟಿಲು ಹತ್ತುವಷ್ಟರಲ್ಲಿ ಉಳಿದವರು ಇಳಿಯುತ್ತಿದ್ದರಾದ್ದರಿಂದ, ಎಲ್ಲರ ಮುಖವನ್ನೂ ಎದುರಿನಿಂದ ನೋಡುವ ಭಾಗ್ಯ ಆಕೆಗೊಬ್ಬಳಿಗೇ ದೊರೆಯಿತು.

ಐದನೆಯ ದಿನ ವೆನಿಸ್ಸಿಗೆ ಹೋಗುವ ದಾರಿಯಲ್ಲಿ, ಫೊರ್ಲಿಯ ಹತ್ತಿರ ಪೆಟ್ರೋಲಿಗೆ ಬಸ್ಸು ನಿಂತಾಗ, ನಾನು ಚೀಟಿಯನ್ನು ಮಾರ್ಗದರ್ಶಿಗಳ ಮುಂದಿಟ್ಟು ಎರಡು ಗಂಟೆಯ ಬಿಡುವು ಕೇಳಿಕೊಂಡೆ. ಅವರು ಪಟ್ಟಿಯ ಮೇಲೆ ಬೆರಳಾಡಿಸಿ, ಮುಂದೆ ಗಾಜಿನ ಸಾಮಾನಿನ ಅಂಗಡಿಗೆ ಒಂದೂವರೆ ಗಂಟೆ ಕೊಟ್ಟಾಗಿದೆಯೆಂದೂ ಸಮಾಧಿ ಪಟ್ಟಿಯಲ್ಲಿಲ್ಲವೆಂದೂ ತಿಳಿಸಿದರು. "ಸತ್ತವರು ಎಲ್ಲಿಗೂ ಹೋಗುವುದಿಲ್ಲ ಮಾಸ್ತರೇ, ಮುಂದಿನ ಸಲ ನೋಡಬಹುದು" ಎಂದು ಸಮಾಧಾನವನ್ನೂ ಹೇಳಿದರು. ಅರವತ್ತಮೂರು ವರ್ಷದವನಿಗೆ ಮುಂದಿನ ಸಲವೊಂದಿದೆಯೆಂದು ಇಷ್ಟು ಧೈರ್ಯವಾಗಿ ಹೇಳಿದ ವೈದ್ಯರೂ ಇಲ್ಲ.

ರಹಮತ್ ಬಿ ಸೀಟಿನ ಕೆಳಗಿನ ಗಂಟನ್ನು ಎಳೆದುಕೊಂಡು, "ನಾವಿಲ್ಲೇ ಇಳೀತೀವಿ, ನೀವು ಓಗ್ರಪ್ಪ" ಎಂದು ಇಳಿದೇಬಿಟ್ಟಳು. ಇನ್ನು ನಮಗೇನಾದರೂ ಕಂಪನಿ ಹೊಣೆಯಲ್ಲ ಎಂಬ ಕಾಗದಕ್ಕೆ ನಾನು ಬಸ್ಸಿನ ಬಾಗಿಲಿಗೆ ಆನಿಸಿ ಸಹಿ ಹಾಕಿದೆ. ಭಯವಾಗಿತ್ತು, ಮಾನ್ಯರೇ. ಒಪ್ಪಿಕೊಳ್ಳುತ್ತೇನೆ.

ಸ್ವತಂತ್ರ ಪ್ರಯಾಣದ ದೋಷಗಳನ್ನೂ ಮರೆಮಾಚಬಾರದು. ಇಟಲಿ ದೇಶ ಬೂಟಿನ ಹಾಗಿದೆಯೆಂದು ಸಾವಿರ ಮಕ್ಕಳಿಗೆ ಬರೆಸಿದ ನಾನು, ಆ ಬೂಟಿನೊಳಗೆ ಎಡಕ್ಕೆ ಹೋಗಬೇಕಾದಲ್ಲಿ ಬಲಕ್ಕೆ ತಿರುಗಿ ಮನೆಯಾಕೆಯನ್ನು ಎರಡು ಮೈಲಿ ನಡೆಸಿದೆ. ಕೊನೆಗೆ ಮೂರು ಚಕ್ರದ ಗಾಡಿಯಲ್ಲಿ ಕೋಸು ತುಂಬಿಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳನ್ನು ರಹಮತ್ ಬಿ ಕೈಯಡ್ಡ ಹಾಕಿ ನಿಲ್ಲಿಸಿ, "ನನ್ ತಮ್ಮ ಇಲ್ಲೇ ಅವ್ನೆ ಕಣಮ್ಮ, ಹೆಂಗ್ ಓಗ್ಬೇಕು?" ಎಂದು ಚೀಟಿ ಹಿಡಿದಳು. ನನ್ನ ಇಂಗ್ಲಿಷು ಅರ್ಥವಾಗದ ಆ ಅಸುಂತಾ ಎಂಬಾಕೆಗೆ ಇದು ಹೇಗೋ ಅರ್ಥವಾಯಿತು. ಕೋಸನ್ನು ಒತ್ತರಿಸಿ ನಮಗೆ ಜಾಗ ಮಾಡಿಕೊಟ್ಟಳು.

ಹಸಿರು ಹುಲ್ಲಿನ ನಡುವೆ ಬಿಳಿಯ ಕಲ್ಲುಗಳ ಸಾಲು. ಚೀಟಿಯ ನಂಬರಿನ ಕಲ್ಲಿನಲ್ಲಿ ನಾನು ಕಲಂದರನ ಹೆಸರನ್ನು ಗಟ್ಟಿಯಾಗಿ ಓದಿದೆ. ರಹಮತ್ ಬಿ ಮತ್ತೊಮ್ಮೆ ಓದಿಸಿದಳು, ಮೂರನೆಯ ಸಲ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿಸಿಕೊಂಡಳು. ಇಬ್ಬರೂ ಫಾತಿಹಾ ಓದಿದೆವು. ನಮ್ಮ ಮನೆಮಾತು ಉರ್ದುವಾದರೂ ತಮ್ಮನೊಡನೆ ಜಗಳವಾಡುವಾಗ ಆಕೆ ಚಿಕ್ಕಂದಿನ ಹುಲಿಕುಂಟೆಯ ಕನ್ನಡಕ್ಕೇ ಇಳಿಯುತ್ತಿದ್ದಳು, ಅಂದೂ ಇಳಿದಳು. "ಹಿಂಗ್ ಬಂದು ಮಲ್ಗಿದೀಯ ಕಣ್ಲಾ. ಅಮ್ಮ ಬಾಗ್ಲು ತೆಗ್ದಿಟ್ಕಂಡೇ ಸತ್ತೋದ್ಲು." ಆಮೇಲೆ ಹನ್ನೊಂದು ವರ್ಷದ ಮದುವೆ, ಸಾವು, ಕೆರೆ ತುಂಬಿದ್ದು, ಹಸು ಕರು ಹಾಕಿದ್ದು ಎಲ್ಲವನ್ನೂ ಹೇಳತೊಡಗಿದಳು. ನಾನು ದೂರ ಸರಿದು ನಿಂತೆ. ಅಸುಂತಾ ಪಕ್ಕದ ಸಾಲಿನಲ್ಲಿ ಕೂತು ಕಳೆ ಕೀಳುತ್ತಿದ್ದಳು. ಆಕೆಯ ಮಗ ರಷ್ಯಾದ ಯುದ್ಧದಲ್ಲಿ ಕಾಣೆಯಾದನೆಂದೂ ನೋಡಲು ಆಕೆಗೊಂದು ಕಲ್ಲೂ ಇಲ್ಲವೆಂದೂ ಮರುದಿನ ಇಂಗ್ಲಿಷು ಬಲ್ಲ ಪಾದ್ರಿಯೊಬ್ಬರಿಂದ ತಿಳಿಯಿತು.

ಅಸುಂತಾಳ ಮನೆಯಲ್ಲಿ ಆರು ದಿನ ಇದ್ದೆವು; ದಿನವೂ ಸಮಾಧಿಗೆ ಹೋದೆವು. ಆಮೇಲೆ ತಪ್ಪು ರೈಲು ಎರಡು ಸಲ ಹತ್ತಿ, ಬೆಂಚುಗಳ ಮೇಲೆ ಕೂತು, ಬ್ರೆಡ್ಡು ಈರುಳ್ಳಿ ತಿಂದು, ನಿಧಾನವಾಗಿ ಜಿನೋವಾ ಬಂದರು ಸೇರಿದೆವು. ಹಡಗಿನಲ್ಲಿ ತಮ್ಮ ತಂಡದ ಕೊರಟಗೆರೆ ಗಂಗಯ್ಯನವರು ಸಿಕ್ಕರು. ಪ್ಯಾರಿಸ್ ಹೇಗಿತ್ತೆಂದು ಕೇಳಿದೆ. "ಪ್ಯಾರಿಸ್ಸಾ? ನಾನು ನಿದ್ದೆ ಮಾಡ್ತಿದ್ದಾಗ ಬಂದಿರ್ಬೇಕು ಮೇಷ್ಟ್ರೇ" ಎಂದರು.

ಆದ್ದರಿಂದ ತಮ್ಮ ಪುಸ್ತಿಕೆಗೆ ನನ್ನ ಅಭಿಪ್ರಾಯವಿಷ್ಟು. ಯೂರೋಪಿನಲ್ಲಿ ಯಾವ ಕೆಲಸವೂ ಇಲ್ಲದ, ಯಾರನ್ನೂ ಕಳೆದುಕೊಳ್ಳದ, ಮಂಡಿನೋವಿಲ್ಲದ ವೃದ್ಧರಿಗೆ ತಮ್ಮ ಕಂಪನಿ ಅತ್ಯುತ್ತಮ. ಉಳಿದವರಿಗಾಗಿ, ಫೊರ್ಲಿಯ ಆ ಸಾಲುಗಳನ್ನು ಗಾಜಿನ ಅಂಗಡಿಯ ಪಕ್ಕಕ್ಕೆ ಸರಿಸಿಕೊಡುವಂತೆ ತಾವು ಇಟಲಿ ಸರ್ಕಾರಕ್ಕೆ ಬರೆದರೆ ಎಲ್ಲರಿಗೂ ಅನುಕೂಲ. ಸಾಧ್ಯವಾಗದಿದ್ದಲ್ಲಿ ಮುಂದೆ ಯುದ್ಧಕ್ಕೆ ಹೋಗುವ ಹುಡುಗರಿಗೆ ಎಲ್ಲಿ ಸಾಯಬೇಕೆಂಬುದರ ಪಟ್ಟಿಯನ್ನು ಮೊದಲೇ ಕಳುಹಿಸಿಕೊಡಬೇಕಾಗಿ ಪ್ರಾರ್ಥನೆ.

ತಮ್ಮ ಬಸ್ಸಿನಿಂದ ಇಳಿದ ಮೇಲೂ
ತಮ್ಮ ವಿಶ್ವಾಸಿ,
ಹಿದಾಯತುಲ್ಲಾ

ತಾ.ಕ.: ಈ ಪತ್ರವನ್ನು ಓದಿ ಹೇಳಿದಾಗ, ಅಷ್ಟೊಂದು ಕುಟುಕಬಾರದೆಂದು ರಹಮತ್ ಬಿ ನನ್ನನ್ನು ಗದರಿದಳು. ಆಕೆ ಬರೆಸಿದ ಮಾತನ್ನು ಹಾಗೇ ಸೇರಿಸಿದ್ದೇನೆ: "ಆ ಪೀಪಿ ಊದೋನ್ಗೂ ಒಬ್ಳು ಅಕ್ಕ ಇರ್ತಾಳೆ. ಎಂದಾದ್ರೂ ಅವನನ್ನ ಹುಡುಕ್ಕಂಡು ಅವಳು ಬಂದ್ರೆ, ಅವಳಿಗಾದ್ರೂ ಬಸ್ಸು ನಿಲ್ಸೋಕ್ ಹೇಳಿ."