ಗುಂಪಿಗೆ ಬೇಡವಾದ ಕರಡಿ

ಬೇಡವಾದವರ ಪಟ್ಟಿಯಲ್ಲಿ ನನ್ನ ಹೆಸರು ಬರುವುದು ನನಗೇನೂ ಹೊಸದಲ್ಲ. ಕಾನ್ವೆಂಟಿನ ಕ್ವಾಯರ್‌ನಲ್ಲಿ ‘ಜಸ್ಟ್ ಮೂವ್ ಯುವರ್ ಲಿಪ್ಸ್, ಚೈಲ್ಡ್’ ಎಂದು ಸಿಸ್ಟರ್ ನನ್ನನ್ನು ಕೊನೆಯ ಸಾಲಿಗೆ ಅಟ್ಟಿದ್ದರು. ಹೆಣ್ಣು ನೋಡಲು ಬಂದ ಮೂರು ಮನೆಯವರು ಕೇಸರಿಬಾತನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದು, ‘ಹುಡುಗಿ ಉದ್ದ ಜಾಸ್ತಿ, ಇಂಗ್ಲಿಷೂ ಜಾಸ್ತಿ’ ಎಂದು ಕೈ ಒರೆಸಿಕೊಂಡು ಹೋಗಿದ್ದರು. ಅದೆಲ್ಲ ಆಗಿಹೋದ ಮಾತು. ಆದರೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಶಿಕಾರಿಪುರದ ನಮ್ಮ ಮನೆಯ ಸೋಫಾದ ಮೇಲೆ ಕೂತು, ‘ನೀವು ಕರಡಿ, ಅದಕ್ಕೇ ಬೇಡ’ ಎಂದು ಹೇಳಿಸಿಕೊಳ್ಳುವ ಭಾಗ್ಯವೂ ನನ್ನ ಹಣೆಯಲ್ಲಿ ಬರೆದಿತ್ತು ಎಂದು ಮಾತ್ರ ಎಣಿಸಿರಲಿಲ್ಲ.

ಕರಡಿಯಾದ ಕತೆ ಹೀಗೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆರಳು ಮಡಚಲು ಬರುತ್ತಿರಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ಹಿಸುಕುತ್ತಿರಿ ಎಂದರು. ಎಷ್ಟು ದಿನ ಹಿಸುಕುವುದು? ಬ್ಲೌಸಿನ ಅಳತೆಗೆ ಬಂದ ಶಬಾನಾ ನನ್ನ ಮುಖ ನೋಡಿ, “ಚೆಂಡು ಬಿಸಾಕ್ರಿ ಮಿಸ್. ಇದ್ ಆಡ್ರಿ. ಹತ್ತೂ ಬೆರಳಿಗೆ ಕೆಲಸ,” ಎಂದು ಮೊಮ್ಮಗಳು ಬಿಟ್ಟುಹೋಗಿದ್ದ ಟ್ಯಾಬ್‌ಗೆ ಒಂದು ಆಟ ಹಾಕಿಕೊಟ್ಟಳು. ಶಬಾನಾ ನನ್ನ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿ. ಈಗ ಪೇಟೆಯಲ್ಲಿ ಅವಳದೇ ಟೈಲರಿಂಗ್ ಅಂಗಡಿ ಇದೆ. ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು, ಎಂಟು ಜನರ ಒಂದು ಗುಂಪು ಕಟ್ಟಿಕೊಂಡು ರಾಕ್ಷಸರನ್ನು ಕೊಲ್ಲುತ್ತಾಳೆ ಎಂಬ ಸಂಗತಿ ನನಗೆ ಆಗಲೇ ತಿಳಿದದ್ದು.

ಹೀಗೆ ತಂತಮ್ಮ ಮನೆಯಿಂದಲೇ ಮಾತಾಡಿಕೊಳ್ಳುತ್ತ, ಗುಂಪುಗೂಡಿ ಆಟದ ಗುಹೆಗೆ ನುಗ್ಗುವುದಕ್ಕೆ ರೇಡ್ ಎನ್ನುತ್ತಾರೆ. ಎಂಟು ಜನರಲ್ಲಿ ನಾಲ್ಕು ಜನ ಹೊಡೆಯುವವರು, ಇಬ್ಬರು ಗಾಯಕ್ಕೆ ಮದ್ದು ಹಾಕುವವರು, ಉಳಿದಿಬ್ಬರು ಟ್ಯಾಂಕ್. ಟ್ಯಾಂಕ್ ಎಂದರೆ ಮುಂದೆ ನಿಂತು ರಾಕ್ಷಸನನ್ನು ಕೆಣಕಿ, ಬರುವ ಏಟನ್ನೆಲ್ಲ ತಾನೇ ತಿಂದು, ಬೆನ್ನ ಹಿಂದಿನವರನ್ನು ಉಳಿಸುವ ಪ್ರಾಣಿ. ಟ್ಯಾಂಕ್‌ಗಳಲ್ಲೂ ಜಾತಿಗಳಿವೆ. ಗುರಾಣಿ ಹಿಡಿದ ಯೋಧ ಒಂದು, ಕರಡಿ ಇನ್ನೊಂದು. ಶಬಾನಾ ಯಾವುದು ಬೇಕು ಎಂದು ಕೇಳಿದಾಗ ನಾನು ಕರಡಿಯ ಮುಖ ನೋಡಿದೆ. ಇಡೀ ಜಗತ್ತಿನ ಮೇಲೆ ಬೇಸರವಾಗಿದ್ದರೂ ಮ್ಯಾನರ್ಸ್ ಬಿಡದ ಮುಖ. ಕನ್ನಡಿ ನೋಡಿದಂತಾಯಿತು. ಅದನ್ನೇ ಒತ್ತಿದೆ.

ಒಬ್ಬಳೇ ಹಾಳಾಗುವುದು ನನ್ನ ಸ್ವಭಾವವಲ್ಲ. ಸೊರಬದಲ್ಲಿರುವ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ ಸುಮಿತ್ರಳಿಗೆ ಫೋನ್ ಮಾಡಿ ಅವಳನ್ನೂ ಎಳೆದೆ. “ಎಂತ ಮಾರಾಯ್ತಿ ಅಕ್ಕ, ಈ ವಯಸ್ಸಲ್ಲಿ!” ಎಂದವಳು ಎರಡೇ ದಿನಕ್ಕೆ ಗುರಾಣಿಯ ಯೋಧೆಯಾದಳು. ಕಾರಣ ಕೇಳಿದರೆ, ಆ ಅಂಗಿಯ ಅಂಚು ಚೆನ್ನಾಗಿತ್ತಂತೆ. ನೋಡಿ, ಅಂಚು ನೋಡಿ ಆರಿಸಿದವಳಿಗೆ ಮಾನ, ಮುಖ ನೋಡಿ ಆರಿಸಿದವಳಿಗೆ ಅವಮಾನ.

ಆದದ್ದು ಇಷ್ಟು. ಗುಹೆಯ ಕೊನೆಯಲ್ಲಿರುವ ಉಕ್ಕಿನ ಹಂದಿಯನ್ನು ಆರು ಭಾನುವಾರಗಳಿಂದ ನಮ್ಮ ಗುಂಪಿಗೆ ಕೊಲ್ಲಲಾಗಿರಲಿಲ್ಲ. ಆ ಹಂದಿಯ ಕೋರೆಯಲ್ಲಿ ವಿಷ. ಒಬ್ಬ ಟ್ಯಾಂಕ್ ಐದು ಏಟು ತಿಂದ ಕೂಡಲೇ ಇನ್ನೊಬ್ಬ ಟ್ಯಾಂಕ್ ಹಂದಿಯನ್ನು ತನ್ನ ಕಡೆ ಕರೆದುಕೊಳ್ಳಬೇಕು, ಅಷ್ಟರಲ್ಲಿ ಮೊದಲಿನವಳ ವಿಷ ಇಳಿಯುತ್ತದೆ. ಪ್ರತಿ ಸಲವೂ ಸರಿಯಾಗಿ ಅಲ್ಲೇ ಎಡವಟ್ಟಾಗಿ ಎಂಟೂ ಜನ ನೆಲಕ್ಕೊರಗುತ್ತಿದ್ದೆವು. ಏಳನೆಯ ಭಾನುವಾರಕ್ಕೆ ಮೂರು ದಿನ ಇರುವಾಗ ಶಬಾನಾ ಫೋನ್ ಮಾಡಿದಳು.

“ಮಿಸ್, ಊಟ ಆತೇನ್ರಿ?” ಎಂದಳು. ಬೆಳಗಿನ ಹತ್ತು ಗಂಟೆಗೆ ಊಟ ಆಯಿತೇ ಎಂದು ಕೇಳಿದರೆ ಏನೋ ಗ್ರಹಚಾರ ಕಾದಿದೆ ಎಂದೇ ಅರ್ಥ. “ಬೇಜಾರ್ ಮಾಡ್ಕಬ್ಯಾಡ್ರಿ. ಈ ಭಾನುವಾರ ನೀವು ಸ್ವಲ್ಪ ಕೂತಿರ್ರಿ. ಶಿವಮೊಗ್ಗದಿಂದ ಒಬ್ರು ಬರ್ತಾರೆ. ಗುರಾಣಿಯವರು.”

“ಐ ಬೆಗ್ ಯುವರ್ ಪಾರ್ಡನ್?” ಎಂದೆ. ಈ ವಾಕ್ಯಕ್ಕೆ ಮೂವತ್ತು ವರ್ಷ ತರಗತಿಗಳು ನಡುಗಿದ್ದವು. ಶಬಾನಾ ನಡುಗಲಿಲ್ಲ. ಕರಡಿ ಏಕೆ ಬೇಡ ಎಂದು ಅಳತೆ ಬರೆಸುವಷ್ಟು ನಿರಾಳವಾಗಿ ವಿವರಿಸಿದಳು. ಗುರಾಣಿಯವನು ಬೇಕೆಂದಾಗ ಇಡೀ ಗುಂಪಿಗೆ ಗುರಾಣಿ ಅಡ್ಡ ಹಿಡಿಯುತ್ತಾನೆ, ಬಿದ್ದವರನ್ನು ಎಬ್ಬಿಸುತ್ತಾನೆ. ಕರಡಿಗೆ ಇರುವುದು ಅದರ ಚರ್ಮ ಒಂದೇ, ಅದೂ ಸ್ವಂತಕ್ಕೆ. ಕರಡಿಯ ಜೀವ ಒಮ್ಮೆ ಪೂರ್ತಿ ಇಳಿದು ಒಮ್ಮೆ ಪೂರ್ತಿ ಏರುತ್ತದೆ, ಮದ್ದು ಹಾಕುವವರ ಜೀವ ಬಾಯಿಗೆ ಬರುತ್ತದೆ. ಸಣ್ಣ ಹಂದಿಗಳು ನಾಲ್ಕು ಕಡೆಯಿಂದ ನುಗ್ಗಿದರೆ ಕರಡಿ ಒಂದರ ಹಿಂದೆ ಓಡುತ್ತದೆ, ಮೂರು ತಪ್ಪಿಸಿಕೊಳ್ಳುತ್ತವೆ. “ಮತ್ತೆ ಎಲ್ಲಾ ಲಿಸ್ಟಲ್ಲೂ ಕರಡಿ ಲಾಸ್ಟ್ ಐತ್ರಿ ಮಿಸ್.”

“ಯಾರ ಲಿಸ್ಟು?”

“ಯಾರೋ ದೊಡ್ಡ ಪ್ಲೇಯರ್‌ಗಳು ಹಾಕ್ತಾರ್ರಿ, ಯಾವ್ದು ಮೇಲು ಯಾವ್ದು ಕೀಳು ಅಂತ.”

“ನೀನು ನೋಡಿದೀಯಾ ಅವರನ್ನ?”

“ಇಲ್ರಿ. ಆದ್ರೆ ಎಲ್ರೂ ಅದನ್ನೇ ನೋಡೋದು.”

ಸ್ವಲ್ಪ ಕೂತಿರಿ ಎಂಬ ಮಾತು ಕಿವಿಯಲ್ಲೇ ಉಳಿಯಿತು. ಎಲ್ಲೋ ಕೇಳಿದ ಮಾತು ಎನಿಸಿ ನೆನಪು ಕೆದಕಿದರೆ, ಅದು ನನ್ನದೇ. ಒಂಬತ್ತನೆಯ ಕ್ಲಾಸಿನ ಇಂಗ್ಲಿಷ್ ನಾಟಕಕ್ಕೆ ಕೈಯೆತ್ತಿದ್ದ ಶಬಾನಾಳಿಗೆ, ಅವಳ ಬಾಯಿಂದ ಒಂದು ಸಾಲನ್ನೂ ಹೇಳಿಸದೆ, ‘ಯುವರ್ ಆಕ್ಸೆಂಟ್, ಮೈ ಡಿಯರ್. ನೀನು ಸ್ವಲ್ಪ ಕೂತಿರು’ ಎಂದು ಪರದೆ ಎಳೆಯುವ ಕೆಲಸ ಕೊಟ್ಟಿದ್ದೆ. ಪರದೆಯನ್ನು ಅವಳು ಬಹಳ ಚೆನ್ನಾಗಿ ಎಳೆದಿದ್ದಳು. ಈಗಲೂ ಚೆನ್ನಾಗಿಯೇ ಎಳೆಯುತ್ತಿದ್ದಳು.

ನನ್ನ ಯಜಮಾನರು ನಿವೃತ್ತ ಸರ್ವೇಯರ್. ಮನುಷ್ಯರಿಗಿಂತ ಜಮೀನಿನ ಸುಖದುಃಖ ಅವರಿಗೆ ಹೆಚ್ಚು ಅರ್ಥವಾಗುತ್ತದೆ. ಪೇಪರಿನ ಹಿಂದಿನಿಂದಲೇ ಹೇಳಿದರು: “ಅದು ಖರಾಬು ಜಮೀನಿನ ಕೇಸು ಕಣೆ. ಯಾವ ಕಾಲದಲ್ಲೋ ಯಾವನೋ ಶಾನುಭೋಗ ಬಿಸಿಲಿಗೆ ಹೊಲಕ್ಕೆ ಇಳಿಯೋಕೆ ಸೋಮಾರಿತನ ಮಾಡಿ, ದೂರದಿಂದಲೇ ಬೆಳೆಯಾಗದ ಖರಾಬು ಅಂತ ಬರೆದಿರ್ತಾನೆ. ಆಮೇಲೆ ಅಲ್ಲಿ ಜೋಳ ಎದೆಮಟ್ಟ ಬೆಳೆದ್ರೂ ಪಹಣಿಯಲ್ಲಿ ಅದು ಖರಾಬೇ. ನೀನು ಖರಾಬು ಅಂತ ದಾಖಲಾಗಿದೀಯ. ಕಾಫಿ ಮಾಡು.”

ಕಾಫಿ ಮಾಡಲಿಲ್ಲ. ಕೂತು ಯೋಚಿಸಿದೆ. ನಾನು ಕರಡಿಯಾಗಿದ್ದು ಟ್ಯಾಬ್ ಬಂದ ಮೇಲಲ್ಲ. ಸೊರಬದ ಅತ್ತೆಮನೆಗೆ ಕಾಲಿಟ್ಟ ದಿನವೇ. ನಮ್ಮ ಅತ್ತೆಗೆ ಬೆಳಗಿನ ಕಾಫಿ ಮತ್ತು ಬೈಗುಳ ಎರಡೂ ಬಿಸಿಯಾಗಿರಬೇಕಿತ್ತು. ಒಲೆ ಹೊತ್ತಿಸಲು ಬಾರದ, ಸಾರು ಚೆಲ್ಲಿದರೆ ‘ಊಪ್ಸ್’ ಎನ್ನುವ ಸೊಸೆ ಕಣ್ಣೆದುರಿಗಿದ್ದರೆ ಅವರು ಬೇರೆ ಯಾರನ್ನೂ ಹುಡುಕುತ್ತಿರಲಿಲ್ಲ. ಅವರ ಗಮನವೆಲ್ಲ ನನ್ನ ಮೇಲಿರುವಾಗ ಸುಮಿತ್ರ ನನ್ನ ಬೆನ್ನ ಹಿಂದೆ ನೆಮ್ಮದಿಯಾಗಿ ಹೋಳಿಗೆ ತಟ್ಟಿ ಹೊಗಳಿಸಿಕೊಂಡಳು. ಊರಿನ ಲಿಸ್ಟಿನಲ್ಲಿ ಸುಮಿತ್ರ ಫಸ್ಟು, ನಾನು ಲಾಸ್ಟು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಈಗ ಸಾರು ಚೆಲ್ಲಿದರೆ ಏನೆನ್ನುವವರೂ ಇಲ್ಲ, ನಾನೇ ಊಪ್ಸ್ ಎಂದು ನಾನೇ ಒರೆಸುತ್ತೇನೆ. ಬೈಸಿಕೊಳ್ಳುವುದಕ್ಕೂ ಮನೆಯಲ್ಲಿ ಜನ ಇರಬೇಕು. ಭಾನುವಾರ ಮಧ್ಯಾಹ್ನದ ಆ ಎಂಟು ಜನರ ಗಲಾಟೆ ನನಗೆ ಎಷ್ಟು ಬೇಕಾಗಿತ್ತು ಎಂದು ಗೊತ್ತಾದದ್ದು ಆ ಕಾಫಿಯಿಲ್ಲದ ಬೆಳಿಗ್ಗೆ.

ಹಾಗಾಗಿ ಮಾರನೆಯ ದಿನವೇ ಛತ್ರಿ ಹಿಡಿದು ಶಬಾನಾಳ ಅಂಗಡಿಗೆ ಹೋದೆ. ಫೋನಿನ ಸ್ಪೀಕರ್‌ನಲ್ಲಿ ಸುಮಿತ್ರಳನ್ನೂ ಸಾಕ್ಷಿಗೆ ಇಟ್ಟುಕೊಂಡು, ಕರಡಿಯ ಪರವಾಗಿ ಹತ್ತು ನಿಮಿಷ ವಾದ ಮಂಡಿಸಿದೆ. ಶಬಾನಾ ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು, “ಹೋದ ವಾರದ್ದು ರೆಕಾರ್ಡ್ ಐತ್ರಿ. ಕರಡಿ ಎಲ್ಲಿ ಸೋತತಿ ನೀವೇ ನೋಡ್ರಿ,” ಎಂದು ಮೊಬೈಲ್ ನನ್ನ ಮುಂದೆ ಹಿಡಿದಳು.

ತೆರೆಯ ಮೇಲೆ ಸುಮಿತ್ರ ಐದನೆಯ ಏಟು ತಿಂದಳು. ಈಗ ಹಂದಿಯನ್ನು ಕರೆದುಕೊಳ್ಳಬೇಕಾದವಳು ನಾನು. ಆಗ ಕೇಳಿಸಿತು, ನಮ್ಮಿಬ್ಬರದೇ ದನಿ.

“ಅಕ್ಕ, ಹಂದಿ ತಗಳ್ಳಿ.”

“ಪರವಾಗಿಲ್ಲ ಕಣೆ, ನೀನೇ ಇಟ್ಕೋ. ಚೆನ್ನಾಗಿ ಆಡ್ತಿದೀಯ.”

“ಛೆ ಛೆ, ಎಂತ ಮಾತು! ದೊಡ್ಡವರು ನೀವು ಇರಕಾದ್ರೆ?”

“ನೋ ನೋ, ಆಫ್ಟರ್ ಯೂ.”

“ಬ್ಯಾಡ ಅಕ್ಕ, ನೀವು ಮೊದ್ಲು.”

ಈ ಉಪಚಾರದ ನಡುವೆ ಸುಮಿತ್ರ ಸತ್ತಳು. ಯಾರಿಗೂ ಬೇಡವಾದ ಹಂದಿ ಒಂದು ಕ್ಷಣ ಅತ್ತಿತ್ತ ನೋಡಿ, ನೇರವಾಗಿ ಹೋಗಿ ಶಬಾನಾಳನ್ನು ತಿಂದಿತು. ಅದರ ಹಿಂದಿನ ವಾರದ್ದು ಹಾಕಿಸಿದೆವು. ಅದರಲ್ಲಿ ನಾನು ಏಟು ತಿನ್ನುತ್ತ ‘ತಗೋ ಬಾರೆ’ ಎನ್ನುತ್ತಿದ್ದೆ, ಅವಳು ‘ನಿಮ್ಮ ಕೈಯಿಂದ ಕಿತ್ಕಂಡಂಗೆ ಆಗ್ತದಲ್ಲ ಅಕ್ಕ’ ಎನ್ನುತ್ತಿದ್ದಳು. ಆರೂ ವಾರ ಅದೇ ಕತೆ. ಸೊರಬದ ಮನೆಯಲ್ಲಿ ಕೊನೆಯ ಹೋಳಿಗೆಗೆ ಮಾಡುತ್ತಿದ್ದ ಮರ್ಯಾದೆಯನ್ನು ನಾವಿಬ್ಬರೂ ಉಕ್ಕಿನ ಹಂದಿಗೆ ಮಾಡಿದ್ದೆವು.

ಕರಡಿ ನಿರಪರಾಧಿ ಎಂದು ಸಾಬೀತಾಗಿತ್ತು. ನಾನು ಸಿಕ್ಕಿಬಿದ್ದಿದ್ದೆ.

“ಮಿಸ್,” ಎಂದಳು ಶಬಾನಾ, ನನ್ನದೇ ಹಳೆಯ ದನಿಯಲ್ಲಿ. “ಈ ವಾರ ನಿಮಗೇ ಚಾನ್ಸ್ ಕೊಡ್ತೀನಿ. ಆದ್ರೆ ನಾನು ಹೆಸರು ಕರೆದ್ರೆ ಹಂದಿ ತಗಬೇಕು. ಬಾಯಿ ಬಿಡಂಗಿಲ್ಲ. ಸುಮಿತ್ರಕ್ಕ, ನಿಮಗೂ ಕೇಳ್ತೇನ್ರಿ?”

“ಕೇಳ್ತು ಮಾರಾಯ್ತಿ,” ಎಂದಿತು ಸೊರಬ.

ಭಾನುವಾರ ಇಬ್ಬರೂ ಬಾಯಿಗೆ ಅಡಿಕೆ ಹಾಕಿಕೊಂಡು ಕೂತೆವು, ಮಾತು ಹೊರಗೆ ಬರದಿರಲಿ ಎಂದು. ಶಬಾನಾ “ಮಿಸ್!” ಎಂದಾಗ ನಾನು, “ಸುಮಿತ್ರಕ್ಕ!” ಎಂದಾಗ ಅವಳು, ನಾಚಿಕೆ ಬಿಟ್ಟು ಹಂದಿಯನ್ನು ಕಿತ್ತುಕೊಂಡೆವು. ಕಿತ್ತುಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಹಂದಿ ಕುಸಿಯಿತು. ಕೊನೆಗೆ ನಿಂತಿದ್ದವಳು ಕರಡಿ. ನನ್ನ ಕೂಗಿಗೆ ಯಜಮಾನರು ಪೇಪರ್ ಕೆಳಗಿಟ್ಟರು. ನಲವತ್ತೈದು ವರ್ಷದ ದಾಂಪತ್ಯದಲ್ಲಿ ಇದು ಸಣ್ಣ ವಿಷಯವಲ್ಲ. “ಪಹಣಿ ತಿದ್ದುಪಡಿ ಆಯ್ತು ಅನ್ನು,” ಎಂದು ತಾವೇ ಕಾಫಿಗೆ ನೀರಿಟ್ಟರು.

ಆಮೇಲೆ ನಾನು ಗುಂಪಿನಲ್ಲಿ ಹಿರಿಯಳಾದೆ. ಹೊಸಬರನ್ನು ಸೇರಿಸುವ ಮೊದಲು ಶಬಾನಾ ನನ್ನನ್ನು ಒಂದು ಮಾತು ಕೇಳುತ್ತಾಳೆ. ಮೊನ್ನೆ ಸುಮಿತ್ರ ಮಗಳ ಬಾಣಂತನಕ್ಕೆ ಹೊರಟಳು. ಅವಳ ಜಾಗಕ್ಕೆ ಒಂದು ತಿಂಗಳ ಮಟ್ಟಿಗೆ ಬಳ್ಳಿಗಾವಿಯ ಒಬ್ಬ ಹೆಣ್ಣುಮಗಳು ಬರಲು ಒಪ್ಪಿದ್ದಾಳೆ, ಸೇರಿಸಿಕೊಳ್ಳೋಣವೇ ಎಂದು ಶಬಾನಾ ಅಂಗಡಿಯಿಂದ ಫೋನಿನಲ್ಲಿ ಕೇಳಿದಳು.

“ಯಾವ ಕ್ಲಾಸು, ಗುರಾಣಿ ತಾನೆ?” ಎಂದೆ, ಕನ್ನಡಕ ಸರಿಮಾಡಿಕೊಂಡು.

“ಕರಡಿ ರಿ ಮಿಸ್.”

“ಕರಡಿಯಾ?” ಎಂದೆ. “ಬೇಡಮ್ಮ. ಎಲ್ಲಾ ಲಿಸ್ಟಲ್ಲೂ ಲಾಸ್ಟ್ ಇದೆ. ಆ ಹುಡುಗಿಗೆ ಸ್ವಲ್ಪ ಕೂತಿರೋಕೆ ಹೇಳು.”

ಆ ಕಡೆ ಹೊಲಿಗೆಯಂತ್ರ ನಿಂತಿತು. ನಗು ಶುರುವಾಯಿತು.