ಸಿಡುಕಪ್ಪನ ಪೋಸ್ಟರ್

ಹೋದ ತಿಂಗಳ ಮೀಟಿಂಗಿಗೆ ನಾಲ್ಕು ಸ್ಲೈಡ್ ಮಾಡಿಕೊಟ್ಟದ್ದೇ ಸಿಡುಕಪ್ಪನ ತಪ್ಪು. ಕಣ್ಣಾಸ್ಪತ್ರೆಯ ಕೌಂಟರಿನಲ್ಲಿ ಕೂತು ಟೋಕನ್ ಕೊಡುವ ಮನುಷ್ಯ ತನ್ನ ಪಾಡಿಗೆ ಟೋಕನ್ ಕೊಟ್ಟುಕೊಂಡು ಇರಬೇಕಿತ್ತು. ಸ್ಲೈಡಿನಲ್ಲಿ ಅಕ್ಷರಗಳು ಪಕ್ಕದಿಂದ ಜಾರಿಕೊಂಡು ಬಂದದ್ದನ್ನು ನೋಡಿ ಮ್ಯಾನೇಜರ್ ಬಾಯಿ ಬಿಟ್ಟುಕೊಂಡು ಕೂತರು. ಅವತ್ತಿನಿಂದ ಆಸ್ಪತ್ರೆಗೆಲ್ಲ ಕಂಪ್ಯೂಟರ್ ಬಲ್ಲವನೆಂದರೆ ಇವನೊಬ್ಬನೇ ಎಂದಾಗಿಹೋಯಿತು. ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವವನಿಗೆ ಸಿಡುಕಪ್ಪ ಎಂಬ ಹೆಸರೇ ಸಾಕಾಗಿತ್ತು.

ಬೆಳಗ್ಗೆ ಅವನು ಬಂದು ಕೂರುವುದಕ್ಕೂ ಮ್ಯಾನೇಜರ್ ಎದುರಿಗೆ ನಿಲ್ಲುವುದಕ್ಕೂ ಸರಿಹೋಯಿತು.

“ನೋಡಿ, ಇವತ್ತು ಮಧ್ಯಾಹ್ನ ಉಚಿತ ತಪಾಸಣೆ. ದೊಡ್ಡ ಡಾಕ್ಟ್ರೇ ಬರ್ತಿದ್ದಾರೆ. ಆದ್ರೆ ಹೊರಗೆ ಒಬ್ಬರಿಗೂ ವಿಷಯ ಗೊತ್ತಿಲ್ಲ. ಒಂದು ಪೋಸ್ಟರ್ ಮಾಡಿ ಕಾಂಪೌಂಡ್ ಗೋಡೆಗೆ ಅಂಟಿಸಿಬಿಡಿ.”

“ಸಾರ್, ಅದಕ್ಕೆ ಅಂತ ಡಿಸೈನ್ ಮಾಡೋರು ಇರ್ತಾರೆ. ನಂಗೆ ಬರೋದು ಸ್ಲೈಡ್ ಮಾಡೋದೊಂದೇ.”

“ಸ್ಲೈಡ್ ಮಾಡೋರಿಗೆ ಪೋಸ್ಟರ್ ಯಾವ ಲೆಕ್ಕ ರೀ? ಒಂದೇ ಒಂದು ಸ್ಲೈಡ್ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕ್ಸಿ. ಮುಗೀತು!”

“ಸಾರ್, ನನ್ನ ರಜಾ...”

“ಹಾಲ್ ತುಂಬಿದ್ರೆ ರಜಾ. ಖಾಲಿ ಹೊಡೀತಾ, ರಜಾದ ಮಾತೇ ಎತ್ತಬೇಡಿ.”

ಸಿಡುಕಪ್ಪನ ಮೈಯೆಲ್ಲ ಉರಿಯಿತು. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದ ಹೊಸದರಲ್ಲಿ ಹೇಳಿದ್ದ. ಪ್ರತಿ ಸಲವೂ ಇದೇ ಮ್ಯಾನೇಜರ್ ಏನಾದರೊಂದು ಕೊಕ್ಕೆ ಹಾಕಿ ನಿಲ್ಲಿಸುತ್ತಿದ್ದರು. ಈ ಸಲ ಅವಳೇ ಟಿಕೆಟ್ ತೆಗೆಸಿದ್ದಳು. “ಸಂಜೆ ರೈಲಿಗೆ ನೀವು ಬರ್ಲಿಲ್ಲ ಅಂದ್ರೆ ನಾನೊಬ್ಬಳೇ ಹೋಗ್ತೀನಿ. ವಾಪಸ್ ಬರೋ ವಿಷಯ ಆಮೇಲೆ ನೋಡ್ಕೊಳ್ಳೋಣ,” ಎಂದು ಬೆಳಗ್ಗೆಯೇ ಹೇಳಿ ಕಳಿಸಿದ್ದಳು. ಅವಳು ಹೇಳಿದರೆ ಮಾಡುವವಳೇ.

ಹಲ್ಲು ಕಡಿಯುತ್ತಲೇ ಅವನು ಸ್ಲೈಡ್ ತೆರೆದ. ದೊಡ್ಡದೊಂದು ಕಣ್ಣಿನ ಚಿತ್ರ, ಅದರ ಕೆಳಗೆ ‘ಉಚಿತ ಕಣ್ಣಿನ ತಪಾಸಣೆ, ಇಂದು ಇಲ್ಲೇ’. ಚೆನ್ನಾಗಿಯೇ ಇತ್ತು. ಅಲ್ಲಿಗೆ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು? ಆದರೆ ಬಿಟ್ಟಿ ಸಲಹೆ ಕೊಡುವ ಸುಖ ಯಾರಿಗೆ ಬೇಡ ಹೇಳಿ!

ಮೊದಲು ಬಂದವರು ಹೆಡ್ ನರ್ಸ್. “ಕಣ್ಣು ಸಪ್ಪಗಿದೆಯಲ್ಲಪ್ಪ. ಮಿಟುಕಿಸೋ ಹಾಗೆ ಮಾಡಿ. ಆವತ್ತು ಮೀಟಿಂಗಲ್ಲಿ ಎಲ್ಲಾ ಕುಣಿಸಿದ್ರಲ್ಲ.”

“ಸಿಸ್ಟರ್, ಇದು ಕಾಗದ! ಕಾಗದ ಎಲ್ಲಾದ್ರೂ ಕಣ್ಣು ಹೊಡೆಯುತ್ತಾ?”

“ಬರಲ್ಲ ಅಂದ್ರೆ ಬರಲ್ಲ ಅನ್ನಿ. ಸಿಟ್ಟು ಯಾಕೆ? ನಾಲ್ಕು ಮೂಲೆಗೂ ಹೂವಾದ್ರೂ ಹಾಕಿ.”

ಹೂವು ಹಾಕಿದ. ಕೆಳಗಿನ ಕನ್ನಡಕದ ಅಂಗಡಿಯವನು ಓಡಿಬಂದು, “ನನ್ನ ಅಂಗಡಿಯ ರಿಯಾಯಿತಿ ವಿಷಯ ಹಾಕ್ದೇ ಇದ್ರೆ ಹೇಗಣ್ಣ?” ಎಂದು ಮೇಜಿಗೆ ಒರಗಿ ನಿಂತ. ಅದನ್ನೂ ಹಾಕಿದ. ಕೊನೆಗೆ ಮ್ಯಾನೇಜರ್ ಬಂದು ತಮ್ಮ ಫೋಟೋ ಕೊಟ್ಟರು. ಕೋಟು ಹಾಕಿಕೊಂಡು ತೆಗೆಸಿದ್ದು. ಒಂದನ್ನು ಸರಿಸಿದರೆ ಇನ್ನೊಂದು ನೆಗೆದು ಮತ್ತೆಲ್ಲೋ ಹೋಗಿ ಕೂರುತ್ತಿತ್ತು. ಮ್ಯಾನೇಜರ್ ಮೂಗಿನ ಮೇಲೆ ಹೂವು ಬಂತು, ಹೂವಿನ ಮೇಲೆ ರಿಯಾಯಿತಿ ಬಂತು. ಸಿಡುಕಪ್ಪ ಮೌಸನ್ನು ಎತ್ತಿ ಕುಕ್ಕಿದ. ಹಿಂದೆ ನಿಂತ ಮೂವರೂ, “ನಿಧಾನ, ನಿಧಾನ,” ಎಂದರು. ನಿಧಾನವಂತೆ ನಿಧಾನ! ಇವರ ಬಾಯಿಗೆ ಬೀಗ ಹಾಕುವ ಬಟನ್ ಒಂದು ಆ ಸಾಫ್ಟ್‌ವೇರಿನಲ್ಲಿ ಇದ್ದಿದ್ದರೆ!

ಅಂತೂ ಮುಗಿಸಿ ಪ್ರಿಂಟಿಂಗ್ ಅಂಗಡಿಗೆ ಕಳಿಸಿದ. ತಕ್ಷಣವೇ ಫೋನ್ ಬಂತು. “ಸಾರ್, ಅಕ್ಷರ ಎಲ್ಲಾ ಬರೀ ಡಬ್ಬಿ ಡಬ್ಬಿ ಬರ್ತಿದೆ. ನಿಮ್ಮ ಫಾಂಟ್ ನಮ್ಮಲ್ಲಿಲ್ಲ. ಫೋಟೋ ಮಾಡಿ ಕಳ್ಸಿ.”

ಸ್ಲೈಡನ್ನೇ ಫೋಟೋ ಮಾಡಿ ವಾಟ್ಸ್ಯಾಪಿನಲ್ಲಿ ಕಳಿಸಿದ. ಮತ್ತೆ ಫೋನ್.

“ಸಾರ್, ಬಂತು. ಆದ್ರೆ ಇದು ತುಂಬಾ ಸಣ್ಣದು. ಗೋಡೆಯಷ್ಟು ದೊಡ್ದು ಮಾಡಿದ್ರೆ ಸ್ವಲ್ಪ...”

“ಏನ್ರೀ ಸ್ವಲ್ಪ? ನಿಮ್ಮದೂ ಒಂದು ಸಲಹೆ ಬಾಕಿ ಇತ್ತಾ? ಬೆಳಗ್ಗೆಯಿಂದ ಎಲ್ಲರದ್ದೂ ಕೇಳಿ ಕೇಳಿ ತಲೆ ಸಿಡೀತಿದೆ. ಬಾಯಿ ಮುಚ್ಕೊಂಡು ಪ್ರಿಂಟ್ ಹಾಕಿ ಅಂಟಿಸ್ರೀ!”

ಆ ಮನುಷ್ಯ ಬಾಯಿ ಮುಚ್ಚಿಕೊಂಡು ಪ್ರಿಂಟ್ ಹಾಕಿ ಅಂಟಿಸಿ ಹೋದ.

ಮಧ್ಯಾಹ್ನ ಊಟ ಮುಗಿಸಿ ಸಿಡುಕಪ್ಪ ಹೊರಗೆ ಹೋಗಿ ನೋಡಿದ. ಬಸ್ ಸ್ಟಾಪಿನ ಎದುರಿಗೆ, ಆಸ್ಪತ್ರೆ ಗೇಟಿನ ಪಕ್ಕದಲ್ಲಿ, ಗೋಡೆ ತುಂಬ ಮಂಜು ಕವಿದಂತಿತ್ತು. ಕಣ್ಣೊಂದು ಹೇಗೋ ಕಣ್ಣು ಅಂತ ಗೊತ್ತಾಗುತ್ತಿತ್ತು. ಅಕ್ಷರಗಳು ಒಂದರೊಳಗೊಂದು ಕಲಸಿಹೋಗಿದ್ದವು. ಮ್ಯಾನೇಜರ್ ಮುಖ ನೆನೆಸಿಟ್ಟ ಬ್ರೆಡ್ಡಿನ ಹಾಗೆ ಊದಿಕೊಂಡಿತ್ತು. ಸಿಡುಕಪ್ಪ ಓಡಿಹೋಗಿ ಅದರ ಅಂಚಿಗೆ ಕೈ ಹಾಕಿದ. ಉಗುರಿನಿಂದ ಕೆರೆದ, ಬರಲಿಲ್ಲ. ಅಂಟಿಸಿದವನು ಅವನ ಮೇಲಿನ ಸಿಟ್ಟನ್ನೆಲ್ಲ ಅಂಟಿಗೆ ಬೆರೆಸಿ ಬಳಿದಿದ್ದ.

ಹೋಯಿತು ರಜಾ, ಹೋಯಿತು ಸಮುದ್ರ. ಎಲ್ಲರಿಗೂ ಮನಸ್ಸಿನಲ್ಲೇ ಬಯ್ಯುತ್ತಾ ಬಂದು ಕೌಂಟರಿನಲ್ಲಿ ಕೂತ.

ಒಬ್ಬರು ಮುದುಕರು ಬಂದರು. “ಅಪ್ಪಾ, ಹೊರಗೆ ಏನೋ ಬರೆದು ಹಾಕಿದ್ದಾರಲ್ಲ, ಎಷ್ಟು ಕಣ್ಣುಜ್ಜಿಕೊಂಡ್ರೂ ಓದೋಕೇ ಆಗ್ಲಿಲ್ಲ. ನಿನ್ನೆವರೆಗೂ ಚೆನ್ನಾಗೇ ಇತ್ತು ಕಣ್ಣು. ಸ್ವಲ್ಪ ನೋಡ್ಬೇಕಿತ್ತಲ್ಲ.”

ಅವರ ಹಿಂದೆ ಒಬ್ಬ ಬಸ್ ಡ್ರೈವರ್, ಬೆವರುತ್ತಿದ್ದ. “ಸಾರ್, ನಂಗೂ ಮಂಜು ಮಂಜು! ನೌಕರಿ ಹೋದ್ರೆ ಏನ್ ಗತಿ?” ಅವನ ಹಿಂದೆ ಕಾಲೇಜು ಹುಡುಗಿಯರು, ಅವರ ಹಿಂದೆ ಒಬ್ಬ ಮೇಷ್ಟ್ರು. ಬಸ್ಸಿನಿಂದ ಇಳಿದವರೆಲ್ಲ ಗೋಡೆ ನೋಡುವುದು, ಕಣ್ಣು ಕಿರಿದು ಮಾಡುವುದು, ಹೆದರಿ ನೇರ ಒಳಗೆ ಬರುವುದು. ಸಾಲು ಗೇಟು ದಾಟಿತು. ಹಾಲ್ ತುಂಬಿ ದೊಡ್ಡ ಡಾಕ್ಟ್ರಿಗೆ ನೀರು ಕುಡಿಯಲೂ ಪುರುಸೊತ್ತಿಲ್ಲದಂತಾಯಿತು.

ಮ್ಯಾನೇಜರ್ ಕುಣಿಯುತ್ತಲೇ ಬಂದರು. “ಭಲೇ! ಎಂಥಾ ಪೋಸ್ಟರ್ ರೀ! ನಾನಿನ್ನೂ ಹೊರಗೆ ಹೋಗಿ ನೋಡೇ ಇಲ್ಲ. ರಜಾ ಮಂಜೂರು, ಎದ್ದು ಹೊರಡಿ. ಕೌಂಟರ್ ನಾನೇ ನೋಡ್ಕೋತೀನಿ.”

ಸಿಡುಕಪ್ಪನಿಗೆ ಕೋಪ ಬಾರದಿದ್ದದ್ದು ಆ ದಿನದಲ್ಲಿ ಆಗ ಮಾತ್ರ. ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದ. ಸಾಲಿನ ಮಧ್ಯದಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದಳು ಅವನ ಹೆಂಡತಿ.

“ರೀ,” ಎಂದು ಅವಳು ಅಳುವ ದನಿಯಲ್ಲಿ ಅವನ ತೋಳು ಹಿಡಿದಳು. “ನಿಮ್ಮನ್ನ ಕರ್ಕೊಂಡು ಹೋಗೋಣ ಅಂತ ಬಸ್ಸಿಳಿದೆ. ಎದುರು ಗೋಡೆ ಮೇಲಿರೋದು ಒಂದಕ್ಷರಾನೂ ಕಾಣಿಸ್ಲಿಲ್ಲ ರೀ. ಈ ಕಣ್ಣಿಟ್ಕೊಂಡು ಸಮುದ್ರ ನೋಡಿ ಏನ್ ಮಾಡ್ಲಿ? ಅಲ್ಲೇ ನಿಂತು ಫೋನಲ್ಲೇ ಟಿಕೆಟ್ ಕ್ಯಾನ್ಸಲ್ ಮಾಡ್ಬಿಟ್ಟೆ.”

“ಅಯ್ಯೋ! ಫೋನಲ್ಲಿ ಹೇಗೆ ಕಾಣಿಸ್ತೇ ನಿಂಗೆ?”

“ಹತ್ತಿರದ್ದು ಕಾಣುತ್ತೆ ರೀ, ದೂರದ್ದೇ ಹೋಗಿರೋದು.”

ಸಿಡುಕಪ್ಪ ಅತ್ತ ಇತ್ತ ನೋಡಿ ಅವಳ ಕಿವಿಯ ಹತ್ತಿರ ಬಾಗಿದ. “ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೇ. ಪೋಸ್ಟರೇ ಹಾಗಿದೆ. ಅದನ್ನ ಮಾಡಿದ್ದು ನಾನೇ. ಮೆಲ್ಲಗೆ ಬಾ, ಹೊರಗೆ ಹೋಗಿ ಮಾತಾಡೋಣ.”

ಅವಳ ಅಳು ನಿಂತಿತು. ಮುಖ ಕೆಂಪಾಯಿತು. ಮನೆಯಲ್ಲಿ ಕೋಪ ಇರುವುದು ಗಂಡನೊಬ್ಬನಿಗೇ ಎಂದು ತಿಳಿದವರು ಯಾರೋ!

“ಏನಂದ್ರೀ?” ಆ ದನಿ ಹಾಲಿನೊಳಗೆ ದೊಡ್ಡ ಡಾಕ್ಟ್ರಿಗೂ ಕೇಳಿಸಿತು. “ನಮ್ಮೆಲ್ಲರ ಕಣ್ಣು ಸರಿಯಾಗೇ ಇದೆಯಾ? ಆ ದರಿದ್ರ ಪೋಸ್ಟರ್ ಮಾಡಿ ಅಂಟಿಸಿದ್ದು ನೀವಾ?”

ಮುದುಕರು ತಿರುಗಿದರು, ಡ್ರೈವರ್ ತೋಳು ಮಡಿಸಿಕೊಂಡ, ಮ್ಯಾನೇಜರ್ ಕೌಂಟರಿನಿಂದ ಎದ್ದು ನಿಂತರು. ಅಷ್ಟು ಹೊತ್ತೂ ಕಣ್ಣು ಕಾಣುವುದಿಲ್ಲವೆಂದು ಗೋಳಾಡುತ್ತಿದ್ದ ಅಷ್ಟೂ ಜನಕ್ಕೆ ಈಗ ಸಿಡುಕಪ್ಪ ಬಹಳ ಚೆನ್ನಾಗಿ ಕಾಣಿಸುತ್ತಿದ್ದ.